ಮಂಗಳಕ್ಕೆ ಮೊದಲೇ ಎದ್ದು ಹೋಗುವವನು

ನಮ್ಮ ಅಡುಗೆಮನೆಯ ಮೊಳೆಯೊಂದಕ್ಕೆ ಒಂದು ಬುತ್ತಿಯ ಅರಿವೆ ನೇತಾಡುತ್ತಿರುತ್ತದೆ. ಬುತ್ತಿಯ ಅರಿವೆ ಎಂದು ನಾನು ಗೌರವಕ್ಕೆ ಹೇಳುತ್ತಿದ್ದೇನೆ; ಮೊದಲ ಸಲ ಮನೆಗೆ ಬಂದವರು ಅದನ್ನು ಒಲೆಯ ಮಸಿಬಟ್ಟೆಯೆಂದೇ ತಿಳಿದು ಕೈ ಒರೆಸಲು ಹೋಗಿ, ನನ್ನ ಹೆಂಡತಿಯಿಂದ ಒಂದು ನೋಟ ಪಡೆದು, ಕೈಯನ್ನು ತಮ್ಮ ಧೋತರಕ್ಕೇ ಒರೆಸಿಕೊಂಡದ್ದುಂಟು. ಒಂದು ಕಾಲಕ್ಕೆ ಅದರಲ್ಲಿ ಹಸಿರು ಚೌಕಳಿಗಳಿದ್ದವು, ಈಗ ಇದ್ದವೆಂಬ ನೆನಪಷ್ಟೇ ಉಳಿದಿದೆ. ಶೇಂಗಾ ಹಿಂಡಿಯ ಎಣ್ಣೆ ಕುಡಿದು ಕುಡಿದು ಮೆತ್ತಗಾದ ಆ ಅರಿವೆಯ ಒಂದು ಮೂಲೆಯಲ್ಲಿ ಎಂಟಾಣೆ ಬಿಲ್ಲೆಯಗಲದ ಒಂದು ನೀಲಿ ಕಲೆ ಇದೆ. ಸೋಪು, ಸೋಡಾ, ಲಿಂಬೆಹಣ್ಣು ಯಾವುದಕ್ಕೂ ಅದು ಜಗ್ಗಿಲ್ಲ. ಲಿಂಬೆಗೆ ಹೆಸರಾದ ಇಂಡಿಯಲ್ಲಿ ಲಿಂಬೆಗೂ ಹೋಗದ ಕಲೆ ಅದೊಂದೇ ಇರಬೇಕು. ಅದು ನನ್ನ ಪೆನ್ನಿನ ಕಲೆ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನದ ಕೆಲಸಕ್ಕೆ ಸಾಕ್ಷಿ ಅದು. ಅದನ್ನು ನಾನು ನನ್ನ ಬುದ್ಧಿಯಿಂದ ಮಾಡಲಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಆಗ ನಾನು ಇಂಡಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಎಪ್ಪತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಆರು ವರ್ಷ ಆಗಿತ್ತು, ಮನೆಯಲ್ಲಿ ಅವ್ವ, ನಾನು, ಕಸ್ತೂರಿ ಮೂವರೇ. ಊರಿನಲ್ಲಿ ನನಗೆ ಎರಡು ಹೆಸರಿದ್ದವು. ಒಂದು ಮಾಸ್ತರ. ಇನ್ನೊಂದನ್ನು ನಾನೇ ಇಟ್ಟುಕೊಂಡಿದ್ದೆ: ರಸಿಕ. ಯಾವ ರಸಕ್ಕೆ ಎಂದು ಕೇಳುತ್ತೀರಿ. ಗೀಗೀ ಮೇಳದ ರಸಕ್ಕೆ. ಬಾಗೇವಾಡಿಯ ಕಡೆಯ ಮಲ್ಕಪ್ಪನೆಂಬ ಹಾಡುಗಾರನ ಮೇಳವೆಂದರೆ ನನಗೆ ಪ್ರಾಣ. ಅವನು ದಪ್ಪು ಬಡಿದು, ಕುತ್ತಿಗೆಯ ನರ ಉಬ್ಬಿಸಿ ಮೊದಲ ಸೊಲ್ಲು ಎತ್ತಿದನೆಂದರೆ, ಹಿಂದಿನವರು ತುಂತುಣಿ ಮೀಟಿ ‘ಗೀ ಗೀ’ ಎಂದು ದನಿಗೂಡಿಸಿದರೆಂದರೆ, ನನಗೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ. ಮುಂಜಾನೆ ಗಡ್ಡ ಕೆರೆದುಕೊಳ್ಳುವಾಗ ಅವನ ಪದಗಳನ್ನೇ ಹಾಡುತ್ತಿದ್ದೆ. ಆ ವರ್ಷಗಳ ನನ್ನ ಗಲ್ಲದ ಗಾಯಗಳಿಗೆಲ್ಲ ಮಲ್ಕಪ್ಪನೇ ಹೊಣೆ.

ಈ ಕಡೆಯವರಲ್ಲದ ಗೆಳೆಯರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಗೀಗೀ ಹಾಡುವ ಎರಡು ಮೇಳಗಳು ಎದುರುಬದುರು ಕೂತು ವಾದಕ್ಕಿಳಿಯುತ್ತವೆ. ಹರದೇಶಿ ಮೇಳದವರು ಗಂಡು ಹೆಚ್ಚು ಎನ್ನಬೇಕು, ನಾಗೇಶಿ ಮೇಳದವರು ಹೆಣ್ಣು ಹೆಚ್ಚು ಎನ್ನಬೇಕು. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಮಲ್ಕಪ್ಪನದು ಹರದೇಶಿ ಮೇಳ. ನಾನು ಗಂಡಸು, ಮೇಲಾಗಿ ಮಾಸ್ತರ. ನಾನು ಯಾವ ಕಡೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮದುವೆಗೆ ಮುಂಚೆ ಮಲ್ಕಪ್ಪ ಹಾಡುವಲ್ಲೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದೆ, ತಿರುಗಿ ಬಂದು ಶಾಲೆಯ ಮಾಸ್ತರರ ಮುಂದೆ ‘ಹರದೇಶಿ ಗೆದ್ದಿತು’ ಎಂದು ಡಂಗುರ ಹೊಡೆಯುತ್ತಿದ್ದೆ. ಪ್ರತಿ ಸಲವೂ ಹರದೇಶಿಯೇ ಗೆಲ್ಲುತ್ತಿತ್ತು. ಅದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ, ನಾನಂತೂ ಕೇಳಿಕೊಳ್ಳಲೇ ಇಲ್ಲ.

ಆ ಜೂನ್ ತಿಂಗಳಲ್ಲಿ ಕಸ್ತೂರಿ ನನ್ನ ಊಟದ ತಾಟಿನ ಪಕ್ಕದಲ್ಲಿ ಒಂದು ಕಾಗದ ತಂದಿಟ್ಟಳು. ವಿಜಾಪುರದಲ್ಲಿ ಹೆಣ್ಣುಮಕ್ಕಳಿಗೆ ಶಿಕ್ಷಕಿಯರ ತರಬೇತಿ, ಅದರ ಅರ್ಜಿ. ಎಲ್ಲವನ್ನೂ ತನ್ನ ದುಂಡು ಅಕ್ಷರದಲ್ಲಿ ತುಂಬಿದ್ದಳು. ಕೆಳಗೆ ತಂದೆ ಅಥವಾ ಗಂಡನ ಸಹಿಗೆಂದು ಬಿಟ್ಟ ಜಾಗ ಮಾತ್ರ ಖಾಲಿ ಇತ್ತು. ಸೋಮವಾರ ಕೊಡಲು ಕಡೆಯ ದಿನ. ತಂದೆ ತೀರಿಕೊಂಡಿದ್ದರು. ಉಳಿದವನು ನಾನು.

ನನಗೆ ಯಾಕೆ ಮನಸ್ಸಾಗಲಿಲ್ಲ ಎಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಕಡೆ ಗಂಡು ಶಿಕ್ಷಕನಿಗೆ ಮಾಸ್ತರ ಎನ್ನುತ್ತಾರೆ, ಹೆಣ್ಣು ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಕಸ್ತೂರಿ ಹತ್ತನೆಯ ತರಗತಿಯನ್ನು ನನಗಿಂತ ಹೆಚ್ಚು ಅಂಕಗಳಲ್ಲಿ ಮುಗಿಸಿದವಳು. ನಾನು ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಎಡವಿದಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಲ್ಲುತ್ತಿತ್ತು. ನನ್ನ ತಪ್ಪು ತಿಳಿಯಲು ನನಗೆ ಅಷ್ಟು ಸಾಕಾಗುತ್ತಿತ್ತು. ಇಂಥವಳು ಅಕ್ಕೋರಾದರೆ ಊರು ನನ್ನನ್ನು ಏನೆಂದು ಕರೆದೀತು? ಈ ಭಯವನ್ನು ಭಯವೆಂದು ಒಪ್ಪುವ ಧೈರ್ಯ ನನಗಿರಲಿಲ್ಲ, ಆದ್ದರಿಂದ ಅದಕ್ಕೆ ಮನೆತನದ ಮರ್ಯಾದೆ, ಅವ್ವನ ಮೊಣಕಾಲು ನೋವು ಮುಂತಾದ ಅಂಗಿ ತೊಡಿಸಿ ನಿಲ್ಲಿಸಿದ್ದೆ.

ಆಕೆ ಮಾತು ತೆಗೆದಾಗಲೆಲ್ಲ ನಾನು ಮಾಡುತ್ತಿದ್ದುದು ಒಂದೇ ಕೆಲಸ. ನನ್ನ ಪಾಲಿನ ಮಾತನ್ನು ಗಟ್ಟಿಯಾಗಿ ಆಡುತ್ತಿದ್ದೆ, ಆಕೆ ಬಾಯಿ ತೆರೆಯುತ್ತಿದ್ದಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಚಹಾದಂಗಡಿಗೆ ನಡೆದುಬಿಡುತ್ತಿದ್ದೆ. ಅಂಗಡಿಯ ಬಾಕಿನ ಮೇಲೆ ಕೂತು ಚಹಾ ಹೀರುತ್ತ, ಇವತ್ತೂ ವಾದದಲ್ಲಿ ಗೆದ್ದೆನೆಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಶುಕ್ರವಾರ ಚಹಾದಂಗಡಿಯಲ್ಲಿ ಸುದ್ದಿ ಸಿಕ್ಕಿತು. ಸಿಂದಗಿಯಿಂದ ನಾಲ್ಕು ಮೈಲಿಯ ಒಂದು ಹಳ್ಳಿಯಲ್ಲಿ ಗೌಡರೊಬ್ಬರ ಹೊಸ ಬಾವಿಗೆ ನೀರು ಬಿದ್ದಿದೆಯಂತೆ. ಆ ಸಂತೋಷಕ್ಕೆ ರವಿವಾರ ಮುಂಜಾನೆಯಿಂದ ಹೊತ್ತು ಮುಳುಗುವ ತನಕ ಹಗಲು ಮೇಳ. ಮಲ್ಕಪ್ಪನಿಗೆ ಎದುರಾಗಿ ಮುದ್ದೇಬಿಹಾಳದ ಶಾಂತವ್ವನ ನಾಗೇಶಿ ಮೇಳ. ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಭಾರಿ ಉಪಾಯ ಹೊಳೆದಿತ್ತು. ನನ್ನಂಥವರ ತಲೆಯಲ್ಲಿ ಉಪಾಯ ಹೊಳೆಯುವುದು ಅಪರೂಪ, ಹೊಳೆದಾಗ ತಡೆಯುವವರು ಯಾರೂ ಇರುವುದಿಲ್ಲ.

“ಕಸ್ತೂರಿ, ರವಿವಾರ ನಾವಿಬ್ರೂ ಮೇಳಕ್ಕ ಹೋಗೂಣು. ಹರದೇಶಿ ಗೆದ್ರ ನೀ ಈ ಅರ್ಜಿ ಮಾತು ಬಿಡಬೇಕು. ನಾಗೇಶಿ ಗೆದ್ರ ಅಲ್ಲೇ ನಿಂತು ಸಹಿ ಹಾಕ್ತೇನಿ” ಎಂದೆ.

ಆಕೆ ಒಲೆಯಿಂದ ಮುಖ ಎತ್ತಿದಳು. “ಆತ್ರಿ. ಆದ್ರ ನಂದೂ ಒಂದ್ ಮಾತೈತಿ. ಮಂಗಳ ಹಾಡೂತನಕ ನೀವು ಏಳಬಾರ್ದು.”

“ಯಾಕ ಏಳ್ತೇನಿ? ನಾ ಮೇಳ ಇವತ್ತ ನೋಡಾಕತ್ತೇನೇನು?” ಎಂದು ನಕ್ಕೆ. ಆಕೆಯೂ ನಕ್ಕಳು. ಆ ನಗೆಯನ್ನು ನಾನು ಒಪ್ಪಿಗೆಯ ನಗೆ ಎಂದುಕೊಂಡೆ.

ಗಂಡ ಹೆಂಡತಿ ಇಬ್ಬರೇ ಊರಿಗೆ ಹೊರಡುವುದು ನಮ್ಮ ಮನೆಯಲ್ಲಿ ಹಿಂದೆ ಎಂದೂ ನಡೆದಿರಲಿಲ್ಲ. ಸಿಂದಗಿಯಲ್ಲಿ ಕಸ್ತೂರಿಯ ಚಿಗವ್ವನ ಮನೆ ಇದ್ದದ್ದು ಆ ಕಷ್ಟವನ್ನು ಕಳೆಯಿತು. “ಚಿಗವ್ವನ್ನ ಮಾತಾಡಿಸ್ಕೊಂಡ ಬರ್ತೇವಿ” ಎಂದೆವು. ಅವ್ವ ನಮ್ಮಿಬ್ಬರ ಮುಖವನ್ನೂ ನೋಡಿ, “ಚಿಗವ್ವನ್ನ ಮಾತಾಡಸಾಕ ಟೆರಿಲೀನ್ ಅಂಗಿ ಯಾಕಪಾ?” ಎಂದಳು. ಆದರೂ ತಾನೇ ಕೂತು ಕಟಕು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲವನ್ನೂ ಇದೇ ಚೌಕಳಿ ಅರಿವೆಯಲ್ಲಿ ಕಟ್ಟಿಕೊಟ್ಟಳು. ಅರ್ಜಿಯನ್ನು ಕಸ್ತೂರಿ ನಾಲ್ಕಾಗಿ ಮಡಚಿ ಕುಪ್ಪಸದಲ್ಲಿಟ್ಟುಕೊಂಡಳು. ನನ್ನ ಜೇಬಿನಲ್ಲಿ ಪೆನ್ನು ಇತ್ತು. ಅದು ಸದಾ ಇರುತ್ತಿತ್ತು, ಮಾಸ್ತರಿಕೆಯ ಗುರುತೆಂದು.

ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಸಿಂದಗಿಗೆ ಹೋಗುವ ದಾರಿಯುದ್ದಕ್ಕೂ ನಾನು ಆಕೆಗೆ ಮೇಳದ ಪಾಠ ಹೇಳಿದೆ. ಸವಾಲು ಎಂದರೇನು, ಜವಾಬು ಎಂದರೇನು, ದಪ್ಪನ್ನು ಯಾವ ಬೆರಳಿನಿಂದ ಬಾರಿಸುತ್ತಾರೆ, ಮಲ್ಕಪ್ಪನ ಮುಂದೆ ಬಂದವರು ಹೇಗೆ ಮಣ್ಣು ಮುಕ್ಕಿದರು. ಆಕೆ ಕಿಟಕಿಯ ಪಕ್ಕ ಕೂತು ಶೇಂಗಾ ಸುಲಿದು ಒಂದು ತಾನು ತಿನ್ನುತ್ತ, ಒಂದು ನನಗೆ ಕೊಡುತ್ತ ‘ಹೌದ್ರಿ’ ‘ಹಂಗೇನ್ರಿ’ ಎನ್ನುತ್ತಿದ್ದಳು. ಹೊಲಗಳು ಹರಗಿಸಿಕೊಂಡು ಮುಂಗಾರಿನ ಮಿರಗದ ಮಳೆಗೆ ಕಾಯುತ್ತಿದ್ದವು. ಆರು ವರ್ಷಗಳಲ್ಲಿ ನಾವಿಬ್ಬರೇ ಅಷ್ಟು ಹೊತ್ತು ಪಕ್ಕಪಕ್ಕ ಕೂತದ್ದು ಅದೇ ಮೊದಲು. ಆ ಸುಖವನ್ನು ಸುಮ್ಮನೆ ಅನುಭವಿಸುವುದನ್ನು ಬಿಟ್ಟು ನಾನು ಪಾಠ ಹೇಳುತ್ತಿದ್ದೆ.

ಚಿಗವ್ವನ ಮನೆಯಲ್ಲಿ ರಾತ್ರಿ ಕಳೆದು ರವಿವಾರ ಮುಂಜಾನೆ ಹಳ್ಳಿ ಮುಟ್ಟಿದಾಗ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಎರಡೂ ಮೇಳ ಕೂತಿದ್ದವು. ನಾನು ಜನರನ್ನು ದಬ್ಬಿಕೊಂಡು ಮುಂದೆ ಹೋಗಿ, ಹೆಂಡತಿಗೆ ಹೆಂಗಸರ ಕಡೆಯ ಅಂಚಿನಲ್ಲೂ ನನಗೆ ಗಂಡಸರ ಕಡೆಯ ಅಂಚಿನಲ್ಲೂ, ನಡುವೆ ಒಂದು ಬುತ್ತಿ ಗಂಟಿನಷ್ಟೇ ಅಂತರ ಇರುವಂತೆ ಜಾಗ ಹಿಡಿದೆ. ಮಲ್ಕಪ್ಪ ದಪ್ಪು ಎತ್ತಿದ. ಅಯ್ಯಪ್ಪಾ, ಆ ದಿನ ಅವನ ದನಿ! ಗಂಡಿಲ್ಲದ ಮನೆ ಕದ ಇಲ್ಲದ ಗುಡಿಯೆಂದು ಅವನು ಹಾಡಿದಾಗ ನಾನು ತೊಡೆ ತಟ್ಟಿ ಕಸ್ತೂರಿಯ ಕಡೆ ನೋಡಿದೆ. ಶಾಂತವ್ವ ಐವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಅವಸರವೇ ಇಲ್ಲ. ತುಂತುಣಿಯನ್ನು ಕಿವಿಗೆ ಹಿಡಿದು ಶ್ರುತಿ ನೋಡಿಕೊಂಡು, ಕದ ಇದ್ದರೇನು ತಮ್ಮಾ, ಒಳಗೆ ದೀಪ ಹಚ್ಚಿದರಷ್ಟೇ ಅದು ಗುಡಿ, ಇಲ್ಲದಿದ್ದರೆ ಬಾವಲಿಯ ಮನೆ ಎಂದಳು. ಹೆಂಗಸರು ಗೊಳ್ಳೆಂದು ನಕ್ಕರು. ನಾನು ಶಾಲೆಯಲ್ಲಿ ಗದ್ದಲದ ಹುಡುಗರನ್ನು ನೋಡುವಂತೆ ಅತ್ತ ನೋಡಿದೆ, ಒಬ್ಬರೂ ಹೆದರಲಿಲ್ಲ.

ಹೀಗೇ ಮಧ್ಯಾಹ್ನ ಸರಿಯಿತು. ಬಿಸಿಲಿಗೆ ಟೆರಿಲೀನ್ ಅಂಗಿ ಮೈಗೆ ಅಂಟಿ, ಚಿಗವ್ವನ ಮಾತಿಗೆ ಇಷ್ಟೊಂದು ಅಲಂಕಾರ ಯಾಕೆಂದ ಅವ್ವನ ಪ್ರಶ್ನೆಗೆ ಉತ್ತರವಿಲ್ಲವೆಂದು ಮತ್ತೆ ಮತ್ತೆ ನೆನಪಿಸುತ್ತಿತ್ತು. ಐದಕ್ಕೆ ಸ್ವಲ್ಪ ಮೊದಲು ಮಲ್ಕಪ್ಪ ಒಂದು ಭಾರಿ ಸವಾಲು ಎಸೆದು ಕೂತ. ಮಂದಿ ‘ಭಲೇ’ ಎಂದರು. ಅದೇ ಹೊತ್ತಿಗೆ ದೂರದ ರಸ್ತೆಯಲ್ಲಿ ಸಿಂದಗಿಯ ಕಡೆಯ ಬಸ್ಸಿನ ಹಾರ್ನು ಕೇಳಿಸಿತು.

ನನ್ನ ಮನಸ್ಸು ಏನೂ ಹೇಳಲಿಲ್ಲ, ಕಾಲುಗಳೇ ಎದ್ದವು. ಚಪ್ಪಲಿ ಕೈಗೆ ಬಂದಿದ್ದವು, ಧೋತರದ ಧೂಳು ಕೊಡವಿ ಆಗಿತ್ತು. “ಏಳು, ಕಡೀ ಬಸ್ಸು ಅದು. ಹರದೇಶಿ ಗೆದ್ದಂಗಾತು” ಎಂದೆ.

ಕಸ್ತೂರಿ ಕೂತಲ್ಲಿಂದ ಅಲುಗಲಿಲ್ಲ. “ಮಂಗಳ ಆಗಿಲ್ರಿ.”

“ಬಸ್ಸು ಹೋಗ್ತೈತಿ!”

“ಹೋಗಲಿ ಬಿಡ್ರಿ. ಮಾತು ಕೊಟ್ಟೀರಿ.”

ಬಸ್ಸು ನಿಂತಿತು, ಇನ್ನೊಮ್ಮೆ ಹಾರ್ನು ಹೊಡೆಯಿತು, ಹೋಯಿತು. ನಾನು ಚಪ್ಪಲಿ ಹಿಡಿದುಕೊಂಡೇ ನಿಂತಿದ್ದೆ. ಹಿಂದಿನ ಮಂದಿ ‘ಏ ಕೂಡ್ರಪಾ, ಮುಂದಿಂದು ಕಾಣವಲ್ತು’ ಎಂದು ಕೂಗಿದರು, ಕೂತೆ. ಆಗ ನನ್ನ ತಲೆಗೆ ಒಂದು ಸಂಗತಿ ನಿಧಾನವಾಗಿ ಇಳಿಯಿತು. ಮದುವೆಗೆ ಮುಂಚಿನ ಅಷ್ಟೂ ಮೇಳಗಳಿಂದ ನಾನು ಕಡೆಯ ಬಸ್ಸಿಗೆಂದು ಹೀಗೆಯೇ ಎದ್ದು ಹೋಗಿದ್ದೆ. ಮಲ್ಕಪ್ಪನ ಸವಾಲು ಕೇಳಿ ಎದ್ದಿದ್ದೆ. ಅದಕ್ಕೆ ಬಂದ ಜವಾಬನ್ನು ಎಂದೂ ಕೇಳಿರಲಿಲ್ಲ. ಇಂಡಿಗೆಲ್ಲ ಹೆಸರಾದ ರಸಿಕ ಒಂದು ಮೇಳದ ಕೊನೆಯನ್ನೂ ಕಂಡವನಲ್ಲ.

ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕ ಕೂತಿದ್ದ. ನಾನು ಮೆಲ್ಲಗೆ ಕೇಳಿದೆ: “ಯಜ್ಜಾ, ಇವತ್ತ ಯಾರು ಗೆಲ್ಲೂದು?”

ಮುದುಕ ತಂಬಾಕಿನ ಬಾಯಿಯನ್ನು ಬೇರೆ ಕಡೆ ತಿರುಗಿಸಿ ಉಗುಳಿ, ನನ್ನನ್ನು ಕನಿಕರದಿಂದ ನೋಡಿದ. “ಗೆಲ್ಲೂದು? ಮೇಳದಾಗ ಗೆಲ್ಲೂದು ಎಲ್ಲೈತ್ರಿ ಸಾಹೇಬ್ರ? ಕಡೀಕ ಇಬ್ರೂ ಕೂಡೇ ಮಂಗಳ ಹಾಡ್ತಾರ. ನೀವು ಈ ಕಡೀ ಮಂದಿ ಅಲ್ಲೇನು?”

ಈ ಕಡೆಯವನಲ್ಲವೇ ಎಂದು! ಇಲ್ಲೇ ಹುಟ್ಟಿ ಬೆಳೆದು ಹರದೇಶಿಯ ಹೆಸರಿನಲ್ಲಿ ಪಂಥ ಕಟ್ಟಿದವನಿಗೆ! ಅಲ್ಲಿ ಶಾಂತವ್ವ ಜವಾಬು ಹಾಡುತ್ತಿದ್ದಳು. ಗಂಡು ಹೆಚ್ಚೆನ್ನುವ ಈ ಹಾಡನ್ನು ನಿನಗೆ ಕಲಿಸಿದವರು ಯಾರು ತಮ್ಮಾ ಎಂದು ಅವಳು ಕೇಳಿದಳು. ಮಲ್ಕಪ್ಪ ದಪ್ಪನ್ನು ಕೆಳಗಿಟ್ಟ. ಬಾರಿಸದೆ, ಬರೀ ದನಿಯಲ್ಲಿ, ನನ್ನವ್ವ ಬೀಸುಕಲ್ಲಿನ ಮುಂದೆ ಹಾಡುವಾಗ ಅವಳ ತೊಡೆಯ ಮೇಲೆ ಮಲಗಿ ಕಲಿತೆ ಎಂದು ಹಾಡಿದ. ಈಗ ಶಾಂತವ್ವ, ನನಗೆ ತುಂತುಣಿ ಹಿಡಿಯಲು ಕಲಿಸಿದವನು ನನ್ನ ಗಂಡ, ಕೈಹಿಡಿದು ಕಲಿಸಿ ಹೋಗಿಬಿಟ್ಟ ಎಂದು ಹಾಡಿದಳು. ನನ್ನ ಕಣ್ಣು ತುಂಬಿತು. ಬಿಸಿಲಿಗೆ ಎಂದುಕೊಂಡೆ, ಆದರೆ ಬಿಸಿಲು ಆಗಲೇ ಇಳಿದಿತ್ತು. ಆಮೇಲೆ ಇಬ್ಬರೂ ಒಂದೇ ಶ್ರುತಿಗೆ ಕೂಡಿ ಮಂಗಳ ಹಾಡಿದರು. ಮೇಳ ಮುಗಿದ ಮೇಲೆ ಆ ಇಬ್ಬರು ಹಗೆಗಳು ‘ಅಕ್ಕಾ’ ‘ತಮ್ಮಾ’ ಎನ್ನುತ್ತ ಒಂದೇ ಬಂಡಿ ಹತ್ತಿ ಹೋದದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದೆ.

ನಾಲ್ಕು ಮೈಲಿ ನಡೆಯದೆ ಗತಿಯಿರಲಿಲ್ಲ. ಅರ್ಧ ಮೈಲಿ ನಡೆದೆವು. ಆಮೇಲೆ ನಾನೇ, “ನಿನಗ ಮೊದಲ ಗೊತ್ತಿತ್ತೇನು?” ಎಂದೆ.

“ಗೊತ್ತಿತ್ರಿ. ಹಲಸಂಗಿ ಕಡೆ ಎಲ್ಲೇ ಮೇಳ ಇರಲಿ ಅಪ್ಪ ನನ್ನನ್ನ ಹೆಗಲ ಮ್ಯಾಲ ಕುಂಡ್ರಿಸ್ಕೊಂಡ ಹೋಗತಿದ್ದ. ಮಂಗಳಕಿಂತ ಮೊದಲ ನಿದ್ದಿ ಮಾಡಿದ್ರ ಬೈತಿದ್ದ.”

ಬಸ್ಸಿನಲ್ಲಿ ನಾನು ಹೇಳಿದ ಪಾಠವೆಲ್ಲ ನೆನಪಾಗಿ ಕಿವಿ ಬಿಸಿಯಾದವು. “ಯಾರೂ ಗೆಲ್ಲೂದಿಲ್ಲ ಅಂತ ಗೊತ್ತಿದ್ದೂ ಪಂಥಕ್ಕ ಯಾಕ ಹೂಂ ಅಂದಿ?”

ಆಕೆ ನಿಂತಳು. “ಗೆಲ್ಲಾಕಲ್ರಿ. ಆರು ವರ್ಷ ಆತು, ನಾ ಮಾತು ತಗದ್ರ ನೀವು ಎದ್ದ ಹೋಗ್ತೀರಿ. ಒಂದ್ ದಿನಾರೆ ಕಡೀತನಕ ಕುಂಡ್ರಲಿ ಅಂತ ಹೂಂ ಅಂದೆ. ಈಗ ನನ್ ಮಾತು ಕೇಳ್ರಿ. ಬಸ್ಸಿಲ್ಲ, ಚಹಾದಂಗಡೀನೂ ಇಲ್ಲ.”

ಅಲ್ಲಿ ಎರಡು ಕಡೆಗೂ ಹೊಲ, ನಡುವೆ ರಸ್ತೆ. ನಾನು ಓಡಿಹೋಗಲು ಒಂದು ಗಿಡವೂ ಇರಲಿಲ್ಲ. ಆಕೆ ಹೇಳಿದಳು, ನಾನು ಕೇಳಿದೆ. ಒಳಗೆ ರೊಟ್ಟಿ ಬಡಿಯುತ್ತ ಹೊರಗಿನ ನನ್ನ ಲೆಕ್ಕಗಳನ್ನು ತಾನೂ ಮನಸ್ಸಿನಲ್ಲಿ ಬಿಡಿಸುತ್ತಿದ್ದುದನ್ನು ಹೇಳಿದಳು. ಓಣಿಯ ಹೆಣ್ಣುಮಕ್ಕಳು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಮೇವು ತರಲು ಹೋಗುವುದನ್ನು ನೋಡಿದಾಗ ತನಗೆ ಅವರ ಕೈಹಿಡಿದು ತಿರುಗಿ ಶಾಲೆಗೆ ಕರೆದೊಯ್ಯಬೇಕೆನಿಸುತ್ತದೆ ಎಂದು ಹೇಳಿದಳು. ಅಪ್ಪ ಸಾಯುವ ಮುಂದೆ, ಕಲಿತದ್ದನ್ನು ಒಲೆಗೆ ಹಾಕಬೇಡ ಮಗಳೇ ಎಂದಿದ್ದನಂತೆ. ಆರು ವರ್ಷ ಒಂದೇ ಮನೆಯಲ್ಲಿದ್ದೂ ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಚಹಾದಂಗಡಿಯ ಬಾಕಿನ ಮೇಲೆ ನಾನು ಗೆದ್ದದ್ದೆಲ್ಲ ನೆನಪಾಗಿ, ಇಂಥ ಗೆಲುವು ಹಗೆಗೂ ಬೇಡ ಅನ್ನಿಸಿತು.

ಕಡೆಗೆ ನಾನೂ ಬಾಯಿ ಬಿಟ್ಟೆ. ಮನೆತನದ ಮರ್ಯಾದೆ, ಅವ್ವನ ಮೊಣಕಾಲು ಎಲ್ಲವನ್ನೂ ಆ ರಸ್ತೆಯ ಬದಿಗೆ ಬಿಟ್ಟು ಖರೆ ಮಾತು ಹೇಳಿದೆ: “ಮಂದಿ ನನಗ ಅಕ್ಕೋರ ಗಂಡ ಅಂತಾರ ಕಸ್ತೂರಿ.”

ಆಕೆ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. “ಅಂದ್ರ ಅನ್ನಲಿ ಬಿಡ್ರಿ. ಆರು ವರ್ಷ ನಾ ಮಾಸ್ತರ ಹೆಂಡ್ತಿ ಅನ್ನಿಸ್ಕೊಂಡಿಲ್ಲೇನು?”

ಈ ಸವಾಲಿಗೆ ಮಲ್ಕಪ್ಪನ ಹತ್ತಿರವೂ ಜವಾಬು ಇದ್ದಿರಲಿಕ್ಕಿಲ್ಲ. ಮುಂದೆ ಒಂದು ಹಳ್ಳದ ಸೇತುವೆಯ ಕಟ್ಟೆ ಬಂತು. ಕೂತು ಉಳಿದ ರೊಟ್ಟಿ ತಿಂದೆವು. ಬರಿದಾದ ಅರಿವೆಯನ್ನು ನನ್ನ ತೊಡೆಯ ಮೇಲೆ ಹಾಸಿಕೊಂಡು, ಅದರ ಮೇಲೆ ಅರ್ಜಿ ಬಿಡಿಸಿ, ಉಳಿದಿದ್ದ ಬೆಳಕಿನಲ್ಲಿ ಪೆನ್ನು ತೆಗೆದೆ. ದಿನವಿಡೀ ಬಿಸಿಲು ಕುಡಿದ ಪೆನ್ನು ನಾನು ಮುಚ್ಚಳ ತಿರುವಿದ ಕೂಡಲೇ ಬಳಕ್ಕನೆ ಕಾರಿಕೊಂಡಿತು. ಪುಣ್ಯಕ್ಕೆ ಕಾಗದ ಬಚಾವಾಯಿತು, ಅರಿವೆಗೆ ತಾಗಿತು. ಕೈಯೆಲ್ಲ ನೀಲಿ ಮಾಡಿಕೊಂಡು ಸಹಿ ಹಾಕಿದೆ. ಮಾಸ್ತರನ ಸಹಿ ಅಷ್ಟು ಸೊಟ್ಟಗೆ ಬಂದದ್ದು ಅದೊಂದೇ ಸಲ. ಸೋಮವಾರ ಮುಂಜಾನೆ ಸಿಂದಗಿಯಿಂದ ವಿಜಾಪುರಕ್ಕೆ ಹೋಗಿ ಇಬ್ಬರೂ ಕೂಡಿ ಅರ್ಜಿ ಕೊಟ್ಟು ಬಂದೆವು. ಸಂಗತಿ ತಿಳಿದ ಅವ್ವ, “ಚಿಗವ್ವ ಆರಾಮ ಅದಾಳಿಲ್ಲಪಾ?” ಎಂದಷ್ಟೇ ಕೇಳಿದಳು.

ಕಸ್ತೂರಿ ಕಲಿತಳು, ಅಕ್ಕೋರಾದಳು. ಮೊದಲು ಆಲಮೇಲದ ಕಡೆಯ ಹಳ್ಳಿಯೊಂದರಲ್ಲಿ, ಆಮೇಲೆ ಇಂಡಿಯಲ್ಲೇ. ನಾನು ಹೆದರಿದ್ದು ಸುಳ್ಳಾಗಲಿಲ್ಲ. ಹೊಸದಾಗಿ ಬಂದ ಅಂಚೆಯವನಿಗೆ ಓಣಿಯವರು ನನ್ನ ಮನೆ ತೋರಿಸುವುದು ‘ಅಕ್ಕೋರ ಯಜಮಾನ್ರ ಮನಿ’ ಎಂದೇ. ಮೊದಲ ಸಲ ಕೇಳಿದಾಗ ಸ್ವಲ್ಪ ಚುಚ್ಚಿತು, ಎರಡನೆಯ ಸಲಕ್ಕೆ ರೂಢಿಯಾಯಿತು, ಈಗ ಯಾರಾದರೂ ಮರೆತು ಮಾಸ್ತರ ಎಂದರೆ ನಾನೇ ತಿದ್ದುತ್ತೇನೆ. ಆಕೆಯ ಶಾಲೆ ದೂರವಿದ್ದ ವರ್ಷಗಳಲ್ಲಿ ಮುಂಜಾನೆ ಬುತ್ತಿ ಕಟ್ಟುತ್ತಿದ್ದವನು ನಾನು. ಗಂಡು ಹೆಚ್ಚೆಂದು ಹಾಡುತ್ತಲೇ ಕಟ್ಟುತ್ತಿದ್ದೆ. ಆದರೆ ನೀಲಿ ಕಲೆಯ ಮೂಲೆ ಮೇಲೆ ಬರುವಂತೆ ಗಂಟು ಹಾಕುತ್ತಿದ್ದೆ, ಮಧ್ಯಾಹ್ನ ಬಿಚ್ಚುವಾಗ ಆಕೆಗೆ ಮೊದಲು ಅದೇ ಕಾಣಲಿ ಎಂದು.

ಇಷ್ಟು ಬರೆದು ಏಳಬೇಕೆಂದಿದ್ದೆ, ಚಹಾದ ಹೊತ್ತು. ಒಳಗಿನಿಂದ ಕಸ್ತೂರಿ ಏನೋ ಹೇಳುತ್ತಿದ್ದಾಳೆ. ಇಂದು ಶಾಲೆಯಲ್ಲಿ ನಡೆದದ್ದು, ಯಾವುದೋ ಹುಡುಗಿಯನ್ನು ಮತ್ತೆ ಶಾಲೆಗೆ ಕರೆತಂದದ್ದು, ಉದ್ದದ ಕತೆ. ಟವೆಲ್ಲು ಹೆಗಲ ಮೇಲೇ ಇದೆ. ಮೊಳೆಯ ಮೇಲಿನ ಅರಿವೆ ಇಲ್ಲಿಂದ ಕಾಣುತ್ತದೆ. ಆಕೆಯ ಮಾತು ಇನ್ನೂ ಮುಗಿದಿಲ್ಲ, ನಾನು ಕೂತಿದ್ದೇನೆ.